ಅಪ್ಪ ನುಣುಪು ಮಾಡಿದ ಹಲಗೆ

ಬಡಗಿ ಮಗಳ ಸ್ಕೇಟ್‌ಬೋರ್ಡನ್ನು ಅಂಗಡಿಯ ಅಟ್ಟದ ಮೇಲೆ ಎಸೆದ. ಕೆಳಗೆ ಮರದ ಹೊಟ್ಟಿನ ಮೂಟೆಯ ಮೇಲೆ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಮೊಣಕೈ ತರಚಿತ್ತು. ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು.

"ನಾಳೆನೇ ಅದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಕೈಕಾಲು ಮುರ್ಕೊಳ್ಳೋದೂ ಒಂದು ಆಟನಾ?"

"ಓಡಿಸೋಕೆ ಬರುತ್ತಪ್ಪ. ಇವತ್ತು ಹಲಗೆ ಸಮೇತ ಎಗರೋಕೆ ಹೋದೆ, ಕಾಲು ಜಾರ್ತು."

"ಚಕ್ರ ಇರೋದು ಜಾರೋಕೇ ಅಲ್ವಾ?"

ಹೀಗೆ ಗದರಿದನೇನೋ ನಿಜ, ಆದರೆ ಯಾರೋ ಬಳಸಿ ಬಿಟ್ಟ ಆ ಹಲಗೆಯನ್ನು ತಂದು, ಕೂತು, ಅಂದಗೊಳಿಸಿ ಕೊಟ್ಟವನು ಅವನೇ.

ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದು ಅವನ ತಂಗಿ, ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳು ಸ್ಕೇಟಿಂಗ್ ಮಾಡುವ ಮೈದಾನದಲ್ಲಿ ರಜಾದಿನ ಔಷಧಿ ಪೆಟ್ಟಿಗೆ ಹಿಡಿದು ಕೂರುವವಳೂ ಅವಳೇ. ಅಲ್ಲಿಯ ಕೋಚ್ ಹೇಳಿಕೊಡುವುದನ್ನು ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಮಗಳ ಜೊತೆಗೇ ಅಂಗಡಿಗೆ ಬಂದಿದ್ದ ಅವಳು ಏಣಿ ಹತ್ತಿ ಹಲಗೆ ಇಳಿಸಿ, ಮೇಲೆ ಅಂಗೈ ಆಡಿಸಿದಳು.

"ಅಣ್ಣಾ, ಇದರ ಮೇಲೆ ಕಪ್ಪು ಹಾಳೆ ಇತ್ತಲ್ಲ, ಎಲ್ಲಿ?"

"ಮರ ಉಜ್ಜೋ ಉಪ್ಪುಕಾಗದದ ಥರ ಒರಟಾಗಿತ್ತು. ಮಗು ಮಂಡಿ ತರಚುತ್ತೆ ಅಂತ ಕಿತ್ತುಹಾಕಿ, ಉಜ್ಜಿ ವಾರ್ನಿಷ್ ಹೊಡೆದೆ. ಮುಖ ನೋಡ್ಕೋಬಹುದು, ಹಾಗಿದೆ."

"ಮುಖ ನೋಡ್ಕೊಳ್ಳೋಕೆ ಕನ್ನಡಿ ಇಲ್ವಾ ಮನೇಲಿ? ಕಾಲು ನಿಲ್ಲೋದೇ ಆ ಒರಟಿನ ಮೇಲೆ. ಅದು ಇಲ್ಲದೆ ಎಗರಿದ್ರೆ ಯಾರೇ ಆದ್ರೂ ಬೀಳ್ತಾರೆ."

ಬಡಗಿ "ಗೊತ್ತಿತ್ತೇನೇ ನಿನಗೆ?" ಎಂದು ಮಗಳನ್ನು ಕೇಳಿದ. ಅವಳು ನೆಲ ನೋಡಿದಳು.

"ನೀನು ಅಷ್ಟು ಆಸೆಯಿಂದ ಮಾಡಿದ್ದೆ. ಹೇಗಪ್ಪ ಹೇಳ್ಲಿ?"

ಬಡಗಿ ನುಣುಪು ಹಲಗೆಯ ಮೇಲೆ ಕೈ ಆಡಿಸಿದ. ಅವನ ಕೈಗೆ ಗೊತ್ತಿದ್ದದ್ದು ಬೇರೊಂದು ಗಾಡಿ. ಚಿಕ್ಕವನಿದ್ದಾಗ ಹಳೇ ಬೇರಿಂಗುಗಳನ್ನು ಚಕ್ರವಾಗಿ ಹಲಗೆಗೆ ಬಡಿದು ಅವನೇ ಮಾಡಿಕೊಂಡಿದ್ದ ಗಾಡಿ. ಕೂರುವ ಗಾಡಿಯಾದ್ದರಿಂದ ಚಡ್ಡಿ ಹರಿಯಬಾರದೆಂದು ಹಲಗೆಯನ್ನು ಕೈ ಸೋಲುವವರೆಗೆ ಉಜ್ಜಿದ್ದ. ಆಹಾ, ಆ ಗರಗರ ಸದ್ದು! ಬೀದಿಯವರೆಲ್ಲ ಬೈಯುತ್ತಿದ್ದರು, ಅವನು ಮಾತ್ರ ರಾಜನ ಹಾಗೆ ಕೂತು ಹೋಗುತ್ತಿದ್ದ. ಹಿಂದಿನಿಂದ ತಳ್ಳುತ್ತಿದ್ದವಳು ಈ ತಂಗಿ.

"ನೆನಪಿದ್ಯಾ?" ಎಂದಳು ತಂಗಿ, ಅವನ ಮನಸ್ಸು ಓದಿದವಳಂತೆ. "ನಾಳೆ ನಿನ್ನ ಸರದಿ, ನಾಳೆ ನಿನ್ನ ಸರದಿ ಅಂತ ಎಷ್ಟು ದಿನ ತಳ್ಳಿಸ್ಕೊಂಡೆ. ಕೊನೆಗೆ ನೀನು ಬಿದ್ದು ಕೈ ಮುರ್ಕೊಂಡೆ, ಅಪ್ಪ ಗಾಡಿ ಸೀಳಿ ಒಲೆಗೆ ಹಾಕಿದ್ರು. ನಾನು ಅದರ ಮೇಲೆ ಒಂದು ಸಲನೂ ಕೂರಲಿಲ್ಲ."

ಅಂದು ತಾನು ಒಲೆಯ ಮುಂದೆ ಹೊರಳಾಡಿ ಅತ್ತದ್ದು ಬಡಗಿಗೆ ನೆನಪಿತ್ತು. ಪಕ್ಕದಲ್ಲಿ ಇವಳೂ ಅಳುತ್ತಿದ್ದಳು ಎಂಬುದು ಈಗ ನೆನಪಾಯಿತು.

"ಆಟ ನಿಲ್ಲಿಸಿದ್ರೆ ಮಕ್ಕಳು ಕದ್ದು ಆಡ್ತಾರೆ. ಬೀಳೋದನ್ನ ಮೊದಲು ಕಲಿಸ್ಬೇಕು, ಅಷ್ಟೇ," ಎಂದಳು ತಂಗಿ.

"ಬೀಳೋದನ್ನೂ ಕಲಿಸ್ತಾರಾ?"

"ಮತ್ತೆ? ನೀನು ಕೈ ಚಾಚಿ ಊರಿದೆ, ಮುರೀತು. ಇವಳೂ ಹಾಗೇ ಊರಿದ್ದಾಳೆ, ಪುಣ್ಯಕ್ಕೆ ಬರೀ ಉಳುಕು. ಬೀಳ್ತೀನಿ ಅನ್ನಿಸಿದ ತಕ್ಷಣ ಮಂಡಿ ಬಗ್ಗಿಸಿ ಕೆಳಗಾಗ್ಬೇಕು, ಕೈ ಮೈಗೆ ಸೇರಿಸ್ಕೊಂಡು ಭುಜದ ಮೇಲೆ ಉರುಳ್ಬೇಕು. ಹೆಲ್ಮೆಟ್ಟು, ಮಂಡಿಗೆ, ಮೊಣಕೈಗೆ, ಮಣಿಕಟ್ಟಿಗೆ ಕವಚ ಇರ್ಲೇಬೇಕು."

"ಸರಿ, ಆ ಎಗರೋದು?"

ಮಗಳ ಮುಖ ಅರಳಿತು. "ಹಿಂದಿನ ಕಾಲು ಹಲಗೆಯ ಬಾಲದ ಮೇಲೆ, ಮುಂದಿನ ಕಾಲು ನಡುವಿಗಿಂತ ಸ್ವಲ್ಪ ಮುಂದೆ. ಮಂಡಿ ಬಗ್ಗಿಸಿ, ಬಾಲಾನ ಟಕ್ ಅಂತ ನೆಲಕ್ಕೆ ಬಡಿದು ಎಗರೋದು. ಆಗ ಮುಂದಿನ ಕಾಲಿನ ಶೂ ಅಂಚಿಂದ ಹಲಗೆನ ಮೂತಿ ತನಕ ಉಜ್ಜಿಕೊಂಡು ಹೋಗ್ಬೇಕು. ಹಲಗೆ ಕಾಲಿನ ಜೊತೆನೇ ಮೇಲೆ ಬರುತ್ತೆ!"

"ನುಣುಪಾಗಿದ್ರೆ ಬರಲ್ಲ," ಎಂದಳು ತಂಗಿ. "ಇಳಿಯುವಾಗ ಎರಡೂ ಕಾಲು ಚಕ್ರದ ಬೋಲ್ಟುಗಳ ಮೇಲಿರ್ಬೇಕು, ಮಂಡಿ ಬಗ್ಗಿರ್ಬೇಕು. ಮೊದಲು ಹುಲ್ಲಿನ ಮೇಲೆ ಕಲೀಬೇಕು, ಅಲ್ಲಿ ಚಕ್ರ ಉರುಳಲ್ಲ. ಆಮೇಲೆ ಮಟ್ಟಸ ನೆಲ. ವಾಹನ ಓಡಾಡೋ ರಸ್ತೆ ಬೇಡವೇ ಬೇಡ."

ಬಡಗಿ ತಲೆ ಕೆರೆದುಕೊಂಡ. "ನಮ್ಮ ಉಪ್ಪುಕಾಗದನೇ ಅಂಟಿಸಿದ್ರೆ?"

"ಹರಿದುಹೋಗುತ್ತೆ ಮಹರಾಯ! ಅದಕ್ಕೇ ಅಂತ ಹಾಳೆ ಸಿಗುತ್ತೆ, ತಗೊಂಡು ಬಾ."

ಮಾರನೆಯ ದಿನವೇ ಹಾಳೆ ಬಂತು. ಬಡಗಿ ಒಂದು ಗುಳ್ಳೆಯೂ ಏಳದ ಹಾಗೆ ಅಂಟಿಸಿ, ಅಂಚು ಕತ್ತರಿಸಿದ. ತನ್ನ ಹೊಳೆಯುವ ವಾರ್ನಿಷ್ ಮರೆಯಾಗುವಾಗ ಸ್ವಲ್ಪ ಹೊಟ್ಟೆ ಉರಿಯಿತು, ಆ ಮಾತು ಬೇರೆ.

ಮಣಿಕಟ್ಟಿನ ನೋವೆಲ್ಲ ಹೋದ ಮೇಲೆ ಮೂವರೂ ಮೈದಾನಕ್ಕೆ ಹೋದರು. ಮಗಳು ಕವಚ ತೊಟ್ಟು ಹುಲ್ಲಿನ ಮೇಲೆ ಬಿದ್ದಳು, ಉರುಳಿದಳು, ನಕ್ಕಳು, ಎದ್ದಳು. ಸಂಜೆಯಾಗುವ ಹೊತ್ತಿಗೆ ಹಲಗೆ ಅವಳ ಕಾಲಿನ ಜೊತೆ ಒಂದಿಷ್ಟೇ ಮೇಲೆದ್ದಿತು. ಬಡಗಿ ಊರಿಗೆಲ್ಲ ಕೇಳುವಂತೆ ಸಿಳ್ಳೆ ಹಾಕಿದ.

ಆಮೇಲೆ ಹಲಗೆಯನ್ನು ಮಟ್ಟಸ ನೆಲದ ಮೇಲಿಟ್ಟು ತಂಗಿಯ ಕಡೆ ತಿರುಗಿದ. "ಬಾ, ಕೂತ್ಕೋ."

"ಅಯ್ಯೋ, ಈ ವಯಸ್ಸಲ್ಲಾ!"

"ನಾಳೆ ಅನ್ನಲ್ಲ ಕಣೇ. ಇವತ್ತೇ ನಿನ್ನ ಸರದಿ."

ಅಣ್ಣನ ಮಗಳ ಹೆಲ್ಮೆಟ್ ಹಾಕಿಕೊಂಡು, ಕಾಲು ಮಡಚಿ, ಹಲಗೆಯ ಅಂಚು ಗಟ್ಟಿಯಾಗಿ ಹಿಡಿದು ನರ್ಸಮ್ಮ ಕೂತಳು. ಅಣ್ಣ ಹಿಂದಿನಿಂದ ಮೆಲ್ಲಗೆ ತಳ್ಳಿದ. ಅವಳು ಚಿಕ್ಕ ಹುಡುಗಿಯ ಹಾಗೆ ಕಿರುಚಿ ನಕ್ಕಳು. ಬಡಗಿಗೆ ಕಣ್ಣು ತುಂಬಿ ಬಂತು, ಆದರೂ ತಳ್ಳುವುದನ್ನು ನಿಲ್ಲಿಸಲಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಅಟ್ಟದ ಮೇಲೂ ಮಗುವಿನ ಹಲಗೆಯೊಂದು ಧೂಳು ತಿನ್ನುತ್ತಿದೆಯೇ? ಇವತ್ತೇ ಇಳಿಸಿ. ಮೇಲಿನ ಒರಟು ಹಾಳೆ ಸರಿಯಿದೆಯೇ ನೋಡಿ. ಹೆಲ್ಮೆಟ್, ಕವಚ ತೊಡಿಸಿ, ಹುಲ್ಲಿನ ಮೇಲೆ ಬೀಳುವುದನ್ನು ಕಲಿಸಿ. ಮಗು ಏಳುವಾಗ ಪಕ್ಕದಲ್ಲಿ ನೀವಿರಿ.