ತಂಗಡಿ ಚಕ್ಕೆಯ ಹಳದಿ

"ಮುಂಬೈಗೆ ನಡಿ ಅಂಬೀ. ಅಲ್ಲಿ ನಿನ್ನ ಕೈಲೇ ನಳಾ ತಿರುವಸ್ತೀನಿ. ಮ್ಯಾಲಿಂದ ಯಾರೂ ನೀರು ಸುರುವೂದು ಬ್ಯಾಡ."

ಮದುವೆಯಾದ ಹೊಸತರಲ್ಲಿ ಶೆಟ್ಟೆಪ್ಪ ಹೆಂಡತಿಗೆ ಕೊಟ್ಟ ಮಾತು ಇದು. ವಿಜಾಪುರದ ಕಡೆಯ ಹಳ್ಳಿಯಲ್ಲಿ ಬಾವಿಕಟ್ಟೆಯ ಕೆಳಗೆ ಖಾಲಿ ಕೊಡ ಹಿಡಿದು, ಯಾರಾದರೂ ಪುಣ್ಯಾತ್ಮರು ನೀರು ಹೊಯ್ದಾರೆಂದು ಅವಳು ಕಾಯುತ್ತಿದ್ದಳು.

ಮುಂಬೈಗೆ ಬಂದದ್ದು ಖರೆ. ಧಾರಾವಿಯ ಚರ್ಮದ ಕಾರ್ಖಾನೆಯ ಅಂಗಳದಲ್ಲಿ ನಳ ಇದ್ದದ್ದೂ ಖರೆ. ಮುಟ್ಟುವವನು ಮಾತ್ರ ಕೂಲಿಯವರನ್ನು ದುಡಿಸುವ ಮುಕಾದಮ ಮುರಿಗೆಪ್ಪ ಒಬ್ಬನೇ. ಸತ್ತ ಎಮ್ಮೆಯ ತೊಗಲು ಹಿಡಿದ ಕೈ ತಗುಲಿದರೆ ಅವನ ಪೂಜೆಯ ನೀರು ಕೆಡುತ್ತಿತ್ತು. ಅದೇ ತೊಗಲಿನ ಪಗಾರ ಕೆಡುತ್ತಿರಲಿಲ್ಲ. ಗಟಾರದ ಬದಿಗೆ ಹುಗಿದ ತೊಟ್ಟಿಯನ್ನು ಅವನು ನಳದಿಂದ ತುಂಬಿಸುವನು. ಕೂಲಿಯವರ ಓಣಿಯೆಲ್ಲ ಅದರಲ್ಲೇ ಕೊಡ ಅದ್ದಬೇಕು. ಮಳೆಗಾಲ ಬಂತೆಂದರೆ ಸಂಡಾಸಿನ ಕಡೆಯಿಂದ ಹರಿದುಬಂದ ಗಟಾರವೂ ಆ ತೊಟ್ಟಿಯಲ್ಲಿ ಮುಖ ತೊಳೆದುಕೊಂಡು ಹೋಗುತ್ತಿತ್ತು.

"ಇದ ಏನಪಾ ನಿನ್ನ ನಳಾ?" ಎಂದು ಅಂಬವ್ವ ಕೆಣಕುವಳು.

"ತಡೀಲೇ. ಕಣ್ಣಿಲೆ ಕಂಡೀದಿ. ತಿರುವೂದೊಂದು ಬಾಕಿ ಐತಿ."

ಆ ಮಳೆಗಾಲ ಶೆಟ್ಟೆಪ್ಪ ತೊಗಲು ನೆನೆಹಾಕುವ ಸುಣ್ಣದ ಹೊಂಡದ ದಂಡೆಯಲ್ಲಿ ಕುಕ್ಕರಿಸಿ ವಾಂತಿ ಮಾಡಿದ.

"ಏಳಲೇ ಬೋಳಿಮಗನ! ರಾತ್ರಿ ಕುಡಿದದ್ದು ಇಲ್ಲಿ ಕಾರಾಕ ಬಂದೀಯೇನ?" ಮುರಿಗೆಪ್ಪ ಒದರಿದ.

"ಕುಡಿದಿಲ್ರಿ ಮುಕಾದಮ್ರ. ಅನ್ನದ ವಾಸನಿ ಸೇರವಲ್ದು. ಉಚ್ಚಿ ಕರೇ ಚಹಾದಂಗ ಬರಾಕತ್ತೈತಿ. ಮೈಯೆಲ್ಲ ಹಳದಿ ಆಗೇತಿ."

"ಹಳದಿ? ತಂಗಡಿ ಚಕ್ಕಿ ನೀರಾಗ ಬಿದ್ದು ಹೊರಳಾಡೋ ಮಕ್ಕಳು ಹಳದಿ ಆಗಲಾರದ ಸಾಹೇಬರಂಗ ಬೆಳ್ಳಗ ಆಗ್ತೀರೇನು?"

ಆ ಮಾತು ಪೂರಾ ಸುಳ್ಳಲ್ಲ. ತೊಗಲು ಹದ ಮಾಡುವ ತಂಗಡಿ ಗಿಡದ ಚಕ್ಕೆ ಎಲ್ಲರ ಕೈಗಳನ್ನೂ ಮೊಳಕೈತನಕ ಹಳದಿ ಮಾಡಿತ್ತು. ಹಾಗಾಗಿ ಆ ಓಣಿಯವರು ಹಳದಿಗೆ ಹೆದರುವುದನ್ನೇ ಮರೆತಿದ್ದರು. ಹೋದ ತಿಂಗಳು ಪಕ್ಕದ ಮನೆಯ ದಾನವ್ವನ ಗಂಡ ಪರಪ್ಪ ಹಳದಿಯಾದಾಗ "ಸಾಬೂನು ಹಚ್ಚಿ ತಿಕ್ಕೋ ಮಾವಾ" ಎಂದು ನಕ್ಕವರಲ್ಲಿ ಅಂಬವ್ವನೂ ಇದ್ದಳು. ಆಮೇಲೆ ಮಂತ್ರದ ಸಿದ್ದರಾಮಪ್ಪಜ್ಜ ಬಂದು ಕಾಮಾಲಿ ಇಳಿಸಿದ. ಪರಪ್ಪ ಹೊಂಡಕ್ಕೆ ಇಳಿದ. ವಾರ ತುಂಬುವುದರೊಳಗೆ ಸತ್ತ.

ಈ ಸಲ ಅಂಬವ್ವ ನಗಲಿಲ್ಲ. ಗಂಡನ ರಟ್ಟೆ ಹಿಡಿದು ಮುನಸಿಪಾಲ್ಟಿ ದವಾಖಾನೆಗೆ ನಡೆಸಿದಳು. ಅಲ್ಲಿನ ಮರಾಠಿ ಡಾಕ್ಟರಬಾಯಿ ಅವನ ಕೈ ನೋಡಲೇ ಇಲ್ಲ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು, ಬಲಪಕ್ಕೆಯ ಕೆಳಗೆ ಒತ್ತಿದಳು.

"ಚಕ್ಕೆಯ ಬಣ್ಣ ಕಣ್ಣಿಗೆ ಏರುವುದಿಲ್ಲ. ಇದು ಕಾಮಾಲೆ. ಒಳಗೆ ಯಕೃತ್ತು ಬಾತಿದೆ. ನೀರು ಎಲ್ಲಿಯದು ಕುಡಿಯುತ್ತೀರಿ?"

ಅಂಬವ್ವ ತನ್ನ ಹರಕುಮುರುಕು ಮರಾಠಿಯಲ್ಲಿ ತೊಟ್ಟಿಯ ಸಂಗತಿ ಹೇಳಿದಳು. ಡಾಕ್ಟರಬಾಯಿ ಮುಖ ಹಿಂಡಿದಳು. "ಒಬ್ಬ ರೋಗಿಯ ಸಂಡಾಸು ನೀರಿಗೆ ಸೇರಿದರೆ ಸಾಕು, ಇಡೀ ಓಣಿಯ ಹೊಟ್ಟೆಗೆ ಹೋಗುತ್ತದೆ."

"ಒಂದು ದೊಡ್ಡ ಸೂಜಿ ಚುಚ್ಚಿಬಿಡ್ರಿ ಬಾಯೀ," ಎಂದಳು ಅಂಬವ್ವ.

"ಇದಕ್ಕೆ ಸೂಜಿಯೂ ಇಲ್ಲ, ಗುಳಿಗೆಯೂ ಇಲ್ಲ. ಮಲಗಿಸು. ಸೇರಿದಷ್ಟು ಉಣಿಸು. ಸೆರೆ ಮುಟ್ಟಗೊಡಬೇಡ. ನೀರು ಕೊತಕೊತ ಕುದಿಸಿ ಎಲ್ಲರೂ ಕುಡಿಯಿರಿ, ಸಂಡಾಸಿಗೆ ಹೋಗಿಬಂದು ಸಾಬೂನಿನಿಂದ ಕೈ ತೊಳೆಯಿರಿ. ಇನ್ನು ನಿಮ್ಮ ಓಣಿಯ ಕಂಪೌಂಡರ ಒಂದೇ ಸೂಜಿಯನ್ನು ಊರಿಗೆಲ್ಲ ಚುಚ್ಚುತ್ತಾನಲ್ಲ, ಅವನ ಹತ್ತಿರ ಸುಳಿಯಬೇಡಿ. ಸೂಜಿಯಿಂದಲೂ ಕಾಮಾಲೆ ಬರುತ್ತದೆ."

ಶೆಟ್ಟೆಪ್ಪ ಹಳದಿ ಕಣ್ಣು ಅರಳಿಸಿದ. "ಮಲಗೂದ ಔಷಧ? ಇದನ್ನ ನಮ್ಮ ಮುಕಾದಮಗ ನೀವ ಬಂದು ಹೇಳ್ರಿ ಬಾಯೀ. ನಾ ಹೇಳಿದ್ರ ನಗತಾನ."

ಮುರಿಗೆಪ್ಪ ನಗಲಿಲ್ಲ. ಮರುದಿನ ಮುಂಜಾನೆ ಸಿದ್ದರಾಮಪ್ಪಜ್ಜನನ್ನೇ ಕರೆದುಕೊಂಡು ಬಂದ. "ಮಲಗಿ ತಿನ್ನಾಕ ಇದೇನು ಮಾವನ ಮನೀ ಏನಲೇ? ಖೋಲಿ ಕಾರ್ಖಾನಿ ಸೇಠಂದು. ಕೆಲಸ ಬಿಟ್ಟರ ಖೋಲಿ ಬಿಡು. ಅಜ್ಜಾರ, ಇಳಸ್ರಿ ಇವನ ಕಾಮಾಲಿ."

ಓಣಿಯೆಲ್ಲ ಅಂಗಳಕ್ಕೆ ನೆರೆಯಿತು. ಅಜ್ಜ ಬೋಗುಣಿಯಲ್ಲಿ ಸುಣ್ಣದ ತಿಳಿನೀರು ಹಾಕಿ, ತುಟಿ ಅಲುಗಿಸುತ್ತ ಶೆಟ್ಟೆಪ್ಪನ ಕೈ ತೊಳೆದ. ನೀರು ಹಳದಿಯಾಯಿತು.

"ಇಳೀತು ನೋಡು!" ಎಂದ ಮುರಿಗೆಪ್ಪ. "ಗುಣಾತು. ನಡಿ ಹೊಂಡಕ್ಕ."

"ನನ್ನ ಗಂಡಂದೂ ಹಿಂಗ ಇಳದಿತ್ತವ್ವಾ," ಎಂದಳು ದಾನವ್ವ, ಯಾರ ಮುಖವನ್ನೂ ನೋಡದೆ.

ಅಂಬವ್ವ ಬೋಗುಣಿಯನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು. ಹಿಂದಿನ ಸಂಜೆಯವರೆಗೆ ಚಕ್ಕೆ ಕುಟ್ಟಿದ ಕೈ.

"ಅಜ್ಜಾರ, ನಂದೂ ಒಂದೀಟು ತೊಳೀರಿ. ಹೆಣ್ಣಮಕ್ಕಳಿಗೆ ಬ್ಯಾರೆ ಮಂತ್ರ ಬೇಕೇನು?"

ಅಜ್ಜ ಹೊಸ ನೀರು ಹಾಕಿದ. ಅದೂ ಹಳದಿಯಾಯಿತು.

"ಅಯ್ಯಯ್ಯ, ನನಗೂ ಕಾಮಾಲಿ! ದಾನಕ್ಕಾ, ನಿನ್ನ ಕೈ ತಾ!"

ದಾನವ್ವನದೂ ಹಳದಿ. ಆಮೇಲೆ ಕೈಗಳು ತಾವಾಗಿಯೇ ಮುಂದೆ ಬಂದವು. ಎಲ್ಲ ಹಳದಿ. ಅಜ್ಜ ಮಂತ್ರ ಬಿಟ್ಟು ಬೆವರು ಒರೆಸಿಕೊಳ್ಳತೊಡಗಿದ.

"ಮುಕಾದಮ್ರ, ನಿಮ್ಮವೂ ತೋರಸ್ರಿ. ನಾಚಬ್ಯಾಡ್ರಿ."

ಕೈ ಮುಂದೆ ಮಾಡದಿದ್ದರೆ ತನಗೂ ಕಾಮಾಲೆ ಎಂದಾರೆಂಬ ಅಂಜಿಕೆಗೆ ಮುರಿಗೆಪ್ಪ ಮಾಡಿದ. ಚಕ್ಕೆ ಮುಟ್ಟದ ಕೈ. ಹೊಸದಾಗಿ ಹಾಕಿದ ನೀರು ತಿಳಿಯಾಗಿಯೇ ಉಳಿಯಿತು.

"ಓಣಿಗೆಲ್ಲ ಬ್ಯಾನಿ, ನೀವೊಬ್ರ ಗಟ್ಟಿ!" ಅಂಬವ್ವ ಕೈ ಮುಗಿದಳು. "ಅಜ್ಜಾರ ಮಾತು ಖರೆ ಇದ್ರ ಓಣಿಗೆಲ್ಲ ಕಾಮಾಲಿ, ಪರಪ್ಪ ಮಾವನಂಗ ಸಾಯಾಕ ನಾವು ಇಳಿಯೂದಿಲ್ಲ, ಇವತ್ತ ಹೊಂಡಕ್ಕ ನೀವ ಇಳೀರಿ. ಸುಳ್ಳಿದ್ರ ನನ್ನ ಗಂಡನ ಕಾಮಾಲಿ ಇನ್ನೂ ಮೈಯಾಗ ಐತಿ, ಅಂವ ಮಲಗತಾನ. ಯಾವುದು ಬೇಕೋ ಆರಿಸಿಕೊಳ್ರಿ."

ಓಣಿ ಕಿಸಕ್ಕೆಂದಿತು.

"ಹಲ್ಕಟ್ ಸೂಳೇರ! ಸೇಠಗ ಹೇಳಿ ಒಬ್ಬೊಬ್ಬರ ಗಂಟುಮೂಟಿ ಬೀದಿಗೆ ಒಗಸ್ತೀನಿ."

"ಒಗಸ್ರಿ. ತೊಗಲು ಇವತ್ತ ಸುಣ್ಣದಿಂದ ಮ್ಯಾಲೆ ಬರಬೇಕು. ಬರಲಿಲ್ಲಂದ್ರ ಹಾಳಾಗತಾವ. ಸೇಠಗ ಅದನ್ನೂ ಹೇಳ್ರಿ."

ಹೊಂಡದ ಕಡೆಗೆ ಯಾರೂ ಹೋಗಲಿಲ್ಲ. ಅಂಬವ್ವ ಕೊಡ ಎತ್ತಿಕೊಂಡು ನಳದ ಕಡೆಗೆ ನಡೆದಳು.

"ಮುಟ್ಟಬ್ಯಾಡ! ಏ, ಮುಟ್ಟಬ್ಯಾಡ!"

ಅವಳು ಹಿಡಿದು ತಿರುವಿದಳು. ನೀರು ಬರಲಿಲ್ಲ. ಹೊಸ್ತಿಲಿಗೆ ಒರಗಿ ಕುಳಿತಿದ್ದ ಶೆಟ್ಟೆಪ್ಪ ಕೂಗಿದ: "ಆ ಕಡಿ ಅಲ್ಲಲೇ, ಈ ಕಡಿ!"

"ನೀ ಯಾವಾಗ ತಿರುವಿದ್ದ್ಯೋ ಶಾಣ್ಯಾ, ನನಗ ಹೇಳಾಕ!"

ಈ ಕಡೆ ತಿರುವಿದಳು. ನೀರು ಭರ್ರೆಂದು ಬಂದು ಸೀರೆ ತೊಯ್ಯಿಸಿತು. ಅವಳ ಹಿಂದೆ ದಾನವ್ವ ಕೊಡ ಹಿಡಿದು ನಿಂತಳು. ಅವಳ ಹಿಂದೆ ಮತ್ತೊಬ್ಬಳು. ಹದಕ್ಕೆ ಬಳಸಿ ಬಿಸಾಡಿದ ಚಕ್ಕೆ ಮಾಡಿನ ಕೆಳಗೆ ಒಣಗಿ ಬಿದ್ದಿತ್ತು. ಅದನ್ನೇ ಒಲೆಗೆ ತುರುಕಿ ನೀರು ಕುದಿಸಿದರು. ಆರಿದ ಮೇಲೆ ಮೊದಲ ಲೋಟ ಗಂಡನಿಗೆ ಕೊಟ್ಟು, ಎರಡನೆಯದನ್ನು ಅಂಬವ್ವ ಕುಡಿದಳು.

ಅವಳ ಕೈಯಿಂದ ನಳ ತಿರುವಿಸುತ್ತೇನೆಂದು ಶೆಟ್ಟೆಪ್ಪ ಮಾತು ಕೊಟ್ಟಿದ್ದ. ಅವನು ತಿರುವಿಸಲಿಲ್ಲ. ಅವಳೇ ತಿರುವಿದಳು.