ಆಂಬುಲೆನ್ಸಿನ ಗೇರು

ವಿದೇಶದಿಂದ ದಾನವಾಗಿ ಬಂದ ಆಂಬುಲೆನ್ಸ್ ಟ್ರಕ್ಕಿನದು ಆಟೋಮ್ಯಾಟಿಕ್ ಗೇರು. ಏರು ಹತ್ತುವಾಗ ಗೇರು ಹಿಡಿತ ತಪ್ಪಿ ಜಾರುತ್ತಿತ್ತು. ಶಿವಾಜಿನಗರದ ಮೆಕ್ಯಾನಿಕ್ ಖಾದರ್ ಬೆಳಗಿನಿಂದ ಗಾಡಿಯಡಿ ಮಲಗಿ, ಗೇರನ್ನು ಬಿಗಿಯಾಗಿ ಹಿಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದನ್ನು ಕೂಡಿಸಿದ. ಜಾರುವುದು ನಿಂತಿತು, ಆದರೆ ಗೇರು ಬದಲಾದಾಗಲೆಲ್ಲ ಗಾಡಿ ಜಗ್ಗತೊಡಗಿತು.

"ಭಾಯ್, ಹಿಂದೆ ಪೇಷೆಂಟ್ ಇರ್ತಾರೆ. ಸೊಂಟ ಮುರಿದೋರು ಈ ಏಟು ತಡೀತಾರಾ?" ಎಂದ ಡ್ರೈವರ್ ಮುನಿಆಂಜನಪ್ಪ.

ಖಾದರ್ ನಿಟ್ಟುಸಿರು ಬಿಟ್ಟು ಪೆಟ್ಟಿಗೆಯಲ್ಲಿ ಬಿಗಿತ ಹೊಂದಿಸುವ ತಿರುಪನ್ನು ತುಸು ಸಡಿಲಿಸಿದ. "ನಾನೇ ಸ್ಟ್ರೆಚರ್ ಮೇಲೆ ಮಲಗ್ತೀನಿ. ಹಲಸೂರಿನ ತನಕ ಓಡಿಸಿ. ಜಗ್ಗಿದ್ರೆ ಕೂಗ್ತೀನಿ."

ಹಲಸೂರು ದಾಟಿತು, ಇಂದಿರಾನಗರವೂ ಬಂತು. ಗೇರು ಜಾರಲಿಲ್ಲ, ಖಾದರ್ ಕೂಗಲೂ ಇಲ್ಲ. ಮುನಿಆಂಜನಪ್ಪ ಗಾಡಿ ನಿಲ್ಲಿಸಿ ಹಿಂಬಾಗಿಲು ತೆಗೆದರೆ, ಗ್ರೀಸು ಮೆತ್ತಿದ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಖಾದರ್ ಗಾಢ ನಿದ್ದೆಯಲ್ಲಿದ್ದ. ಎಬ್ಬಿಸಲು ಮನಸ್ಸಾಗದೆ ಮುನಿಆಂಜನಪ್ಪ ಮರದ ನೆರಳಲ್ಲಿ ಕೂತ.