ರೊಟ್ಟಿ, ಬೆಣ್ಣೆ ಕೇಳಿಸಿತು, ಹೆಸರು ಕೇಳಿಸಲಿಲ್ಲ

ನಾನು ಒಂದು ಮಾತುಕತೆ. ನನಗೆ ಕೈಕಾಲಿಲ್ಲ, ತೂಕವೂ ಇಲ್ಲ. ನನ್ನ ಅರ್ಧ ಗೋಕಾಕದ ಸಾತವ್ವನ ಮಾತು, ಇನ್ನರ್ಧ ಒಂದು ಯಂತ್ರದ ಮಾತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಂದು ಫೋನಿನ ಹಸಿರು ಆ್ಯಪಿನಲ್ಲಿ "ನಮಸ್ಕಾರ, ಅಭ್ಯಾಸ ಆರಂಭಿಸೋಣವೇ?" ಎಂದು ಯಂತ್ರದಿಂದ ಕೇಳಿಸಿದಾಗ ನಾನು ಹುಟ್ಟಿದೆ.

ಫೋನು ಸಾತವ್ವನ ಗಂಡ ಅಡಿವೆಪ್ಪನವರದು. ಪಾತ್ರೆ ಅಂಗಡಿಯ ಅಡಿವೆಪ್ಪ ಎಂದರೆ ಊರಿಗೆಲ್ಲ ಗೊತ್ತು. ಮದುವೆಯ ಕೊಡ, ತಾಟು, ತಂಬಿಗೆಗಳ ಮೇಲೆ ಹೆಸರು ಕೊರೆದುಕೊಡುವವರು ಅವರೇ. ಅಂಥವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಮಾತ್ರ "ಹ್ಞಾ" ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮೊದಲ ಕೆಲವು ತಿಂಗಳು ಬಿಡದೆ ಅಭ್ಯಾಸ ಮಾಡಿಸಿದರೆ ಮಾತು ಮರಳಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಯಾವ ಆ್ಯಪಿನಲ್ಲಿ ಬೇಕಾದರೂ ಮುಂದುವರಿಸಿ, ರೋಗಿಯ ಹೆಸರು ಹೇಳಿದರೆ ಸಾಕು, ಯಂತ್ರ ನಿಲ್ಲಿಸಿದಲ್ಲಿಂದಲೇ ಶುರುಮಾಡುತ್ತದೆ ಎಂದೂ ಹೇಳಿದ್ದರು. ಆ "ಸಾಕು" ಎಂಬುದು ಸಾತವ್ವನಿಗೆ ಎಷ್ಟು ದೊಡ್ಡ ಬೆಟ್ಟ ಎಂದು ಪಾಪ, ಡಾಕ್ಟರಮ್ಮನಿಗೇನು ಗೊತ್ತು!

ದಿನವೂ ಮಧ್ಯಾಹ್ನ ಸಾತವ್ವ ಮಂಚದ ಪಕ್ಕ ಕೂರುತ್ತಿದ್ದಳು. ಯಂತ್ರ "ನೀರು" ಎನ್ನುತ್ತಿತ್ತು. "ಅನ್ರಿ, ನೀರು" ಎಂದು ಅವಳು ಹುರಿದುಂಬಿಸುತ್ತಿದ್ದಳು. ಅವರು "ಹ್ಞಾ" ಎನ್ನುತ್ತಿದ್ದರು. "ಭೇಷ್! ನಿನ್ನೀಗಿಂತ ಇವತ್ತಿನ ಹ್ಞಾ ಭಾಳ ಚಲೋ ಬಂತು" ಎನ್ನುತ್ತಿದ್ದಳು ಪುಣ್ಯಾತ್ಗಿತ್ತಿ. ಅಂಥ ತಾಳ್ಮೆಯನ್ನು ನಾನು ಯಂತ್ರದಲ್ಲೂ ಕಾಣಲಿಲ್ಲ.

ಒಂದು ದಿನ ಆ ಫೋನು ಪಾತ್ರೆ ತೊಳೆಯುವ ನೀರಿಗೆ ಬಿದ್ದು ಸಿಮ್ಮಿನ ಸಮೇತ ಸತ್ತಿತು. ಸಾತವ್ವ ಪಕ್ಕದ ಮನೆಯ ಖಾತೂನಬಿಯನ್ನು ಕರೆತಂದಳು. ಅವಳ ಫೋನಿನಲ್ಲಿ ಇದ್ದದ್ದು ನೀಲಿ ಆ್ಯಪು. ಅಲ್ಲಿ ಯಂತ್ರ ಕೇಳಿತು: "ದಯವಿಟ್ಟು ರೋಗಿಯ ಹೆಸರು ಹೇಳಿ."

ಸಾತವ್ವ ತಬ್ಬಿಬ್ಬಾದಳು. ಮದುವೆಯಾಗಿ ಮೊಮ್ಮಕ್ಕಳಾದರೂ ಗಂಡನ ಹೆಸರನ್ನು ಬರಿ ಬಾಯಲ್ಲಿ ಹೇಳಿದವಳಲ್ಲ. "ನೀ ಹೇಳ ಬೇ" ಎಂದು ಗೆಳತಿಗೆ ಕೈಮುಗಿದಳು. ಖಾತೂನಬಿ ಬಿದ್ದು ಬಿದ್ದು ನಕ್ಕಳು. "ಗಂಡ ನಿನ್ನಂವ, ನೀನ ಹೇಳು!"

ಬೇರೆ ದಾರಿ ಕಾಣದೆ ಸಾತವ್ವ ಒಡಪು ಹಾಕಿದಳು. ಆ ಸೀಮೆಯ ಹೆಂಗಸರು ಗಂಡನ ಹೆಸರು ಹೇಳುವುದು ಹಾಗೆಯೇ, ಪದ್ಯದೊಳಗೆ ಬಚ್ಚಿಟ್ಟು. ಇವಳು ಹಾಕಿದ್ದು ತನ್ನ ಮದುವೆಯ ದಿನ ಹಾಕಿದ ಒಡಪು:

"ಹಂಚಿನ ಮ್ಯಾಲ ರೊಟ್ಟಿ ಉಬ್ಬೈತಿ,
ಕಂಚಿನ ತಾಟಿನ್ಯಾಗ ಬೆಣ್ಣಿ ಕರಗೈತಿ,
ಅಡಿವೆಪ್ಪನೋರ ಹೆಸರು ಹೇಳಾಕ ನಾಚಿಕಿ ಬರತೈತಿ."

ಆದರೆ ಹೆಸರು ಬರುವ ಹೊತ್ತಿಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಯಂತ್ರ ಹೇಳಿತು: "ಕ್ಷಮಿಸಿ. ರೊಟ್ಟಿ, ಬೆಣ್ಣೆ ಕೇಳಿಸಿತು, ಹೆಸರು ಕೇಳಿಸಲಿಲ್ಲ."

"ಇದರ ಬಾಯಾಗ ಮಣ್ಣ ಹಾಕ! ಒಂದು ಒಡಪು ಸಾಲಲಿಲ್ಲಂತ!" ಎಂದು ಸಾತವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಗೋಕಾವಿ ಕರದಂಟು ಬಾಯಾಗ ಸವಿ, ಅಡಿವೆಪ್ಪನೋರ ಹೆಸರು ಕೇಳಾಕ ತೆರದಿಡೋ ಕಿವಿ!"

"ಅಡಿವೆಪ್ಪ ಅವರ ಅಭ್ಯಾಸ ಸಿಕ್ಕಿತು. ‘ನೀರು’ ಎಂಬಲ್ಲಿ ನಿಲ್ಲಿಸಿದ್ದೆವು" ಎಂದಿತು ಯಂತ್ರ. ಹೀಗೆ ನಾನು ಹಸಿರಿನಿಂದ ನೀಲಿಗೆ ದಾಟಿದೆ. ಮೈಗೆ ಒಂದು ಗೀರೂ ಆಗಲಿಲ್ಲ.

ನೀಲಿ ಮನೆಯಲ್ಲಿ ದಿನಗಳು ಕಳೆದವು. ಮಾತು ಬರಲಿಲ್ಲ. ಅಡಿವೆಪ್ಪನವರಿಗೆ ಬೇಸರ ಹತ್ತಿತು; ಯಂತ್ರದ ದನಿ ಕೇಳಿದರೆ ಗೋಡೆಯ ಕಡೆ ಹೊರಳುತ್ತಿದ್ದರು. ಕೊನೆಗೊಂದು ದಿನ ಎಡಗೈಯಿಂದ ಫೋನನ್ನು ದೂರ ತಳ್ಳಿಬಿಟ್ಟರು. ಸಾತವ್ವ ಫೋನು ಎತ್ತಿಟ್ಟಳು. ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಮುಖ ತೊಳೆದು ಬಂದಳು.

ಅದೇ ವಾರ ಖಾತೂನಬಿ ಮಗಳ ಬಾಣಂತನಕ್ಕೆ ಹೊರಟಳು. ಫೋನೂ ಅವಳ ಜೊತೆ ಹೋಯಿತು. ಸಾತವ್ವನ ತಮ್ಮ ತನ್ನ ಹಳೆಯ ಫೋನು ತಂದುಕೊಟ್ಟ. ಅದರಲ್ಲಿದ್ದದ್ದು ನೇರಳೆ ಬಣ್ಣದ ಆ್ಯಪು. "ದಯವಿಟ್ಟು ರೋಗಿಯ ಹೆಸರು ಹೇಳಿ. ಇಲ್ಲವಾದರೆ ಮೊದಲಿನಿಂದ ಆರಂಭಿಸುತ್ತೇನೆ."

ಮೊದಲಿನಿಂದ! ನನ್ನ ಎದೆ ಧಸಕ್ಕೆಂದಿತು, ಎದೆ ಇದ್ದಿದ್ದರೆ. ಮಂಚದ ಮೇಲಿನವರು ಆಗಲೇ ಗೋಡೆಗೆ ಮುಖಮಾಡಿದ್ದರು. ಸಾತವ್ವನಿಗೆ ಹೊಸ ಒಡಪು ಕಟ್ಟುವ ಉಮೇದು ಉಳಿದಿರಲಿಲ್ಲ. ಹಳೆಯದನ್ನೇ ಮೆಲ್ಲಗೆ ಎತ್ತಿಕೊಂಡಳು.

"ಹಂಚಿನ ಮ್ಯಾಲ ರೊಟ್ಟಿ ಉಬ್ಬೈತಿ, ಕಂಚಿನ ತಾಟಿನ್ಯಾಗ ಬೆಣ್ಣಿ ಕರಗೈತಿ..."

ಅಲ್ಲಿಗೆ ನಿಲ್ಲಿಸಿದಳು. ಈ ಸಲ ಸೆರಗಿನಲ್ಲಿ ಒರೆಸಿದ್ದು ಕಣ್ಣು. ಯಂತ್ರ ಕಾಯಿತು. ನಾನೂ ಕಾದೆ.

ಮಂಚ ಕಿರುಗುಟ್ಟಿತು. ಗೋಡೆಯ ಕಡೆಯಿಂದ ಒಡೆದ ದನಿಯೊಂದು ಬಂತು:

"ಅ... ಡಿ... ವೆಪ್ಪ."

ಸಾತವ್ವ ಬಾಯಿ ತೆರೆದು ಕೂತಳು. ಅವರು ಹೊರಳಿದರು. ಅರ್ಧ ಮುಖದಲ್ಲಿ ನಗುತ್ತಿದ್ದರು, ಇನ್ನರ್ಧ ಒದ್ದಾಡುತ್ತಿತ್ತು. "ನಾ... ಚಿ... ಕಿ..." ಎಂದು ಮುಂದಿನದಕ್ಕೂ ಕೈಹಾಕಿದರು.

"ಅಡಿವೆಪ್ಪ ಅವರ ಹೆಸರು ಸಿಕ್ಕಿತು. ನಮ್ಮ ಮಾತುಕತೆ ಮುಂದುವರಿಸೋಣವೇ?" ಎಂದಿತು ಯಂತ್ರ.

"ತಡಿಯಪ್ಪಾ ತಮ್ಮಾ" ಎಂದಳು ಸಾತವ್ವ, ಅಳುತ್ತ ನಗುತ್ತ. "ನಾವು ಮಾತಾಡಾಕತ್ತೇವಿ."

ಈಗ ನಾನು ಆ ನೇರಳೆ ಆ್ಯಪಿನ ತಳದಲ್ಲಿದ್ದೇನೆ. ಮೇಲೆ ಗ್ಯಾಸಿನವರ, ಬ್ಯಾಂಕಿನವರ ಸಂದೇಶಗಳು ಬಿದ್ದಿವೆ. ಮಾತು ಬರಿಸುವ ದಾರಿ ಸಾತವ್ವನಿಗೆ ಸಿಕ್ಕಿದೆ: ಅವಳು ಒಡಪಿನ ಮುಕ್ಕಾಲು ಹೇಳಿ ನಿಲ್ಲುತ್ತಾಳೆ, ಉಳಿದದ್ದನ್ನು ಅವರು ಮುಗಿಸುತ್ತಾರೆ. ಡಾಕ್ಟರಮ್ಮನೂ ಅದನ್ನೇ ಮುಂದುವರಿಸಿ ಎಂದಿದ್ದಾರೆ. ಮೊನ್ನೆ "ನೀರು" ಕೂಡ ಬಂತು, ಅದೂ ಬೈಗುಳದ ಜೊತೆ. ಮೂರು ಆ್ಯಪು ದಾಟಿ ಬಂದವನು ನಾನು. ತನ್ನ ಬಾಯಿಂದ ಅವರ ಬಾಯಿಗೆ ಮಾತು ದಾಟಿಸಿದ್ದು ಅವಳು. ಅವಳ ಮುಂದೆ ನಾನೇನು ಮಹಾ!

"ತಡಿಯಪ್ಪಾ" ಎಂಬುದಕ್ಕೆ ಯಂತ್ರ ಕೊಟ್ಟ ಉತ್ತರವೇ ನನ್ನ ಕೊನೆಯ ಸಾಲು: "ಆಗಲಿ, ಕಾಯುತ್ತೇನೆ."

ಇನ್ನೂ ಕಾಯುತ್ತಿದ್ದೇನೆ. ಅವರ ಮಾತು ಮುಗಿದಿಲ್ಲ.